ಮೇಲಿನ ಪಂಚಾಯತಿನ ಅಳತೆ, ಕೆಳಗಿನ ಪಂಚಾಯತಿನ ಎಚ್ಚರ

ಕಾಸರಗೋಡು ಜಿಲ್ಲೆಯ ಉತ್ತರ ಭಾಗದಲ್ಲಿ ಐದು ಹೊಳೆಗಳು ಪಶ್ಚಿಮಕ್ಕೆ ಹರಿದು ಅರಬ್ಬೀ ಸಮುದ್ರವನ್ನು ಸೇರುತ್ತವೆ. ಬಡಗಿನಿಂದ ಎಣಿಸಿದರೆ 16 ಕಿಲೋಮೀಟರ್ ಉದ್ದದ ಮಂಜೇಶ್ವರ ಹೊಳೆ, 50 ಕಿಲೋಮೀಟರಿನ ಉಪ್ಪಳ ಹೊಳೆ, 67 ಕಿಲೋಮೀಟರಿನ ಶಿರಿಯ ಹೊಳೆ, 34 ಕಿಲೋಮೀಟರಿನ ಮೊಗ್ರಾಲ್ ಹೊಳೆ, ಕೊನೆಗೆ ಸುಳ್ಯದ ಕಡೆಯಿಂದ ಪಯಸ್ವಿನಿಯಾಗಿ ಬಂದು ಚಂದ್ರಗಿರಿ ಎನಿಸಿಕೊಳ್ಳುವ 105 ಕಿಲೋಮೀಟರಿನ ದೊಡ್ಡ ಹೊಳೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುವ ಈ ಸೀಮೆಯಲ್ಲಿ ನೆರೆ ಅಪರೂಪದ ಸಂಗತಿಯಲ್ಲ. ಮಧೂರಿನ ಶ್ರೀ ಮದನಂತೇಶ್ವರ ಸಿದ್ಧಿವಿನಾಯಕ ದೇವಸ್ಥಾನದ ಅಂಗಳಕ್ಕೆ ಮಧುವಾಹಿನಿಯ ನೀರು, ಅಂದರೆ ಮೊಗ್ರಾಲ್ ಹೊಳೆಯ ನೀರು, ನುಗ್ಗಿದ ಸುದ್ದಿಯನ್ನು ಹಲವು ಮಳೆಗಾಲಗಳಲ್ಲಿ ಓದಿದ್ದೇವೆ. ಆದರೆ ಆ ನೀರು ಬರುವ ಎಷ್ಟು ಗಂಟೆ ಮೊದಲು ಊರಿಗೆ ಅದು ಗೊತ್ತಾಗಬಹುದು, ಯಾರಿಂದ ಗೊತ್ತಾಗಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಮಧೂರು ಪಂಚಾಯತಿನ ಗಡಿಯೊಳಗೆ ಸಿಗುವುದಿಲ್ಲ. ನೀರು ಏರುವುದನ್ನು ಮೊದಲು ಕಾಣುವವರು ಮೇಲಿನ ಪಂಚಾಯತಿನವರು. ನೆರೆಯಿಂದ ನಷ್ಟ ಅನುಭವಿಸುವವರು ಕೆಳಗಿನವರು. ಮೇಲಿನವರ ಕಣ್ಣಿಗೆ ಬಿದ್ದದ್ದು ಕೆಳಗಿನವರ ಕಿವಿಗೆ ಹೊತ್ತಿಗೆ ಸರಿಯಾಗಿ ತಲುಪುವ ಏರ್ಪಾಡನ್ನೇ ಇಲ್ಲಿ ವಿವರಿಸಲು ಪ್ರಯತ್ನಿಸುತ್ತೇನೆ.

ಈಗ ಏನೂ ಇಲ್ಲವೆಂದಲ್ಲ. ಕೇಂದ್ರ ಜಲ ಆಯೋಗವು ಚಂದ್ರಗಿರಿ ಹೊಳೆಯ ನೀರನ್ನು ಎರಿಂಜಿಪ್ಪುಳದಲ್ಲಿ ಅಳೆಯುತ್ತದೆ. ಕೇರಳದ ನೀರಾವರಿ ಇಲಾಖೆಯು ಉಪ್ಪಳ ಹೊಳೆಯನ್ನು ಉಪ್ಪಳದಲ್ಲಿ, ಶಿರಿಯ ಹೊಳೆಯನ್ನು ಪುತ್ತಿಗೆಯಲ್ಲಿ, ಮೊಗ್ರಾಲ್ ಹೊಳೆಯನ್ನು ಮಧೂರಿನಲ್ಲಿ ಅಳೆದು, ಮಟ್ಟ ಏರಿದಾಗ ಹಳದಿ, ಕಿತ್ತಳೆ, ಕೆಂಪು ಬಣ್ಣಗಳ ಎಚ್ಚರಿಕೆಗೆ ಬೇಕಾದ ಮಾಹಿತಿಯನ್ನು ಒದಗಿಸುತ್ತದೆ. ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಅದನ್ನು ಜನರಿಗೆ ತಿಳಿಸುತ್ತದೆ. ಇದು ದೊಡ್ಡ ಉಪಕಾರ. ಆದರೂ ಒಂದು ಹೊಳೆಗೆ ಒಂದೆರಡೇ ಮಾಪನ ಕೇಂದ್ರಗಳಿದ್ದಾಗ ಒಂದು ಮಿತಿ ಉಳಿದುಕೊಳ್ಳುತ್ತದೆ. ಮಧೂರಿನ ಮಾಪಕವು ಮಧೂರಿನಲ್ಲಿ ನೀರು ಏರಿದೆ ಎಂದು ಹೇಳುತ್ತದೆ. ಆ ಹೊತ್ತಿಗೆ ದಡದ ಮನೆಯವರಿಗೂ ಅದು ಕಂಡಿರುತ್ತದೆ. ಮುನ್ನೆಚ್ಚರಿಕೆಯಾಗಬೇಕಿದ್ದರೆ ಅಳತೆ ಮೇಲ್ಭಾಗದಲ್ಲಿ, ಮುಖ್ಯ ಹೊಳೆಗೆ ಸೇರುವ ತೋಡುಗಳಲ್ಲೂ ನಡೆಯಬೇಕು. ಪ್ರತಿಯೊಂದು ತೋಡಿಗೂ ರಾಜ್ಯ ಸರಕಾರದ ಇಲಾಖೆಯೇ ಬಂದು ಮಾಪಕ ಇಡಬೇಕೆಂದು ಕಾಯುವುದು ವ್ಯಾವಹಾರಿಕವಲ್ಲ. ಪಂಚಾಯತುಗಳು ಕೈಜೋಡಿಸಬಹುದಾದ ಜಾಗ ಇದು.

ಮೊದಲಿಗೆ ಅಳತೆಯ ವಿಷಯ. ಸೇತುವೆಯ ಕಂಬಕ್ಕೆ ಮೀಟರ್ ಮತ್ತು ಸೆಂಟಿಮೀಟರ್ ಗುರುತಿನ ಪಟ್ಟಿಯನ್ನು ಜೋಡಿಸಿ ಓದುವುದು ಅತಿ ಸರಳ ವಿಧಾನ. ನೂರಾರು ವರ್ಷಗಳಿಂದ ಲೋಕದಾದ್ಯಂತ ಬಳಕೆಯಲ್ಲಿರುವ ಈ ಪಟ್ಟಿಗೆ ಬ್ಯಾಟರಿಯೂ ಬೇಡ, ಸಿಮ್ ಕಾರ್ಡೂ ಬೇಡ. ಎಚ್ಚರ ವಹಿಸಬೇಕಾದದ್ದು ಸೊನ್ನೆಯ ಗುರುತಿನ ಬಗ್ಗೆ. ಒಂದು ಪಂಚಾಯತು ಹೊಳೆಯ ತಳದಿಂದ ಅಳೆದು, ಇನ್ನೊಂದು ಪಂಚಾಯತು ಬೇಸಿಗೆಯ ನೀರಿನ ಮಟ್ಟದಿಂದ ಅಳೆದರೆ ಎರಡು ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಲು ಬರುವುದಿಲ್ಲ. ತಳವೂ ಮರಳು ಬಂದು ಏರುತ್ತದೆ, ಕೊರೆದು ಇಳಿಯುತ್ತದೆ. ಆದ್ದರಿಂದ ಎಲ್ಲ ಪಟ್ಟಿಗಳ ಸೊನ್ನೆಯನ್ನೂ ಸರಾಸರಿ ಸಮುದ್ರ ಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂದು ಸರ್ವೆ ಮಾಡಿಸಿ ದಾಖಲಿಸಬೇಕು. ದೆಹಲಿಯ ಹಳೆಯ ರೈಲ್ವೆ ಸೇತುವೆಯಲ್ಲಿ ಯಮುನೆಯ ಅಪಾಯದ ಮಟ್ಟ 205.33 ಮೀಟರ್ ಎಂದು ಸುದ್ದಿಯಲ್ಲಿ ಕೇಳುವಾಗ ಅದು ಹೊಳೆಯ ಆಳವಲ್ಲ, ಸಮುದ್ರ ಮಟ್ಟದಿಂದ ಲೆಕ್ಕ ಹಾಕಿದ ಎತ್ತರ. 2023ರ ಜುಲೈಯಲ್ಲಿ ಅಲ್ಲಿ ನೀರು 208.66 ಮೀಟರಿಗೆ ಏರಿತೆಂದು ನಿಸ್ಸಂದೇಹವಾಗಿ ಹೇಳಲು ಸಾಧ್ಯವಾದದ್ದು, ಹಿಂದಿನ ಎಲ್ಲ ನೆರೆಗಳೊಂದಿಗೆ ಹೋಲಿಸಲು ಸಾಧ್ಯವಾದದ್ದು ಆ ಒಂದೇ ಆಧಾರರೇಖೆಯಿಂದ.

ಎಷ್ಟು ಏರಿದರೆ ಎಚ್ಚರಿಸಬೇಕು ಎಂಬುದಕ್ಕೆ ಕೇಂದ್ರ ಜಲ ಆಯೋಗದ ಕ್ರಮ ಸ್ಪಷ್ಟವಾಗಿದೆ. ಪ್ರತಿ ಕೇಂದ್ರಕ್ಕೂ ಎಚ್ಚರಿಕೆಯ ಮಟ್ಟ, ಅಪಾಯದ ಮಟ್ಟ ಮತ್ತು ಈವರೆಗೆ ದಾಖಲಾದ ಅತ್ಯಧಿಕ ಮಟ್ಟ ಎಂಬ ಮೂರು ಗೆರೆಗಳಿರುತ್ತವೆ. ಎಚ್ಚರಿಕೆಯ ಮಟ್ಟ ಮುಟ್ಟಿದರೆ ಹಳದಿ, ಅಪಾಯದ ಮಟ್ಟ ಮುಟ್ಟಿದರೆ ಕಿತ್ತಳೆ, ಹಿಂದಿನ ದಾಖಲೆಯನ್ನೇ ಮುಟ್ಟಿದರೆ ಅಥವಾ ಮೀರಿದರೆ ಕೆಂಪು. ತೋಡಿನ ದಡದ ಊರುಗಳಲ್ಲಿ ಇಂಥ ದಾಖಲೆ ಇಲ್ಲದಿದ್ದರೂ ನೆನಪು ಇದೆ. ಹಳೆಯ ನೆರೆಯಲ್ಲಿ ನೀರು ಅಡಿಕೆ ತೋಟದ ಯಾವ ಕಟ್ಟೆಯವರೆಗೆ ಬಂದಿತ್ತು, ಮನೆಯ ಎಷ್ಟನೆಯ ಮೆಟ್ಟಿಲು ಮುಳುಗಿತ್ತು ಎಂದು ತೋರಿಸಬಲ್ಲ ಹಿರಿಯರು ಪ್ರತಿ ಬೈಲಿನಲ್ಲೂ ಇದ್ದಾರೆ. ಸರ್ವೆಯವರು ಆ ಗುರುತುಗಳ ಎತ್ತರವನ್ನು ಅಳೆದುಕೊಂಡರೆ ಮೂರನೆಯ ಗೆರೆ ಸಿಗುತ್ತದೆ. ಉಳಿದ ಎರಡನ್ನು ಊರಿನ ಪರಿಸ್ಥಿತಿ ನೋಡಿ ನಿಶ್ಚಯಿಸಬಹುದು: ನೀರು ಯಾವ ಎತ್ತರಕ್ಕೆ ಬಂದಾಗ ತಗ್ಗಿನ ರಸ್ತೆ ಮುಳುಗುತ್ತದೆಯೋ ಅದು ಒಂದು, ಯಾವ ಎತ್ತರಕ್ಕೆ ಬಂದಾಗ ಮೊದಲ ಮನೆಯ ಜಗಲಿಗೆ ಹತ್ತುತ್ತದೆಯೋ ಅದು ಇನ್ನೊಂದು. ಈ ಹಿರಿಯರ ತಿಳಿವಳಿಕೆಯನ್ನು ಬರಹಕ್ಕೆ ಇಳಿಸುವ ಕೆಲಸ ತುರ್ತಾಗಿ ಆಗಬೇಕಾದದ್ದು. ತಲೆಮಾರು ದಾಟಿದರೆ ಅದನ್ನು ಯಾವ ಯಂತ್ರವೂ ಮರಳಿ ಕೊಡಲಾರದು.

ಮಳೆ ಎಷ್ಟು ಬಂತು ಎಂಬುದನ್ನೇ ತಿಳಿದರೆ ಸಾಲದೇ, ಹೊಳೆಯನ್ನು ಏಕೆ ಅಳೆಯಬೇಕು ಎಂದು ಕೇಳಬಹುದು. ಮೊಗ್ರಾಲ್ ಹೊಳೆಯ ಲೆಕ್ಕವನ್ನೇ ತೆಗೆದುಕೊಳ್ಳೋಣ. ಅದರ ಜಲಾನಯನ ಪ್ರದೇಶ 132 ಚದರ ಕಿಲೋಮೀಟರ್. ಅಷ್ಟೂ ನೆಲದ ಮೇಲೆ ಸಮನಾಗಿ 100 ಮಿಲಿಮೀಟರ್ ಮಳೆ ಬಿದ್ದರೆ ಒಟ್ಟು 1.32 ಕೋಟಿ ಘನ ಮೀಟರ್ ನೀರು. ಅದರಲ್ಲಿ ಅರ್ಧ ಮಾತ್ರ ಹರಿದು ಹೊಳೆಗೆ ಬಂತೆಂದು ಇಟ್ಟುಕೊಂಡರೂ 66 ಲಕ್ಷ ಘನ ಮೀಟರ್. ಅದು 24 ಗಂಟೆಗಳಲ್ಲಿ ಹಂಚಿಕೊಂಡು ಬಂದರೆ ಸೆಕೆಂಡಿಗೆ ಸರಾಸರಿ 76 ಘನ ಮೀಟರ್ ಹರಿಯುತ್ತದೆ; ಆರೇ ಗಂಟೆಗಳಲ್ಲಿ ಬಂದರೆ ಸುಮಾರು 306 ಘನ ಮೀಟರ್. ಮಳೆ ಈ ಎರಡರಲ್ಲಿ ಯಾವ ರೀತಿ ಬಂದಿದ್ದರೂ ಮರುದಿನ ಬೆಳಗ್ಗೆ ಎಂಟೂವರೆಗೆ ಅಳೆದವನ ಪುಸ್ತಕದಲ್ಲಿ 100 ಮಿಲಿಮೀಟರ್ ಎಂಬ ಒಂದೇ ಅಂಕಿ ಇರುತ್ತದೆ. ಹವಾಮಾನ ಇಲಾಖೆಯ ವರ್ಗೀಕರಣದಲ್ಲಿ 24 ಗಂಟೆಗಳಲ್ಲಿ 64.5 ಮಿಲಿಮೀಟರಿನಿಂದ 115.5 ಮಿಲಿಮೀಟರಿನವರೆಗಿನದು ಭಾರೀ ಮಳೆ, 204.4 ಮಿಲಿಮೀಟರಿನವರೆಗಿನದು ಅತಿ ಭಾರೀ ಮಳೆ, ಅದಕ್ಕಿಂತ ಮೇಲಿನದು ಅತ್ಯಂತ ಭಾರೀ ಮಳೆ. ಈ ವರ್ಗೀಕರಣ ದಿನದ ಮೊತ್ತವನ್ನು ಹೇಳುತ್ತದೆಯೇ ಹೊರತು ಒಂದು ತೋಡು ಯಾವ ಗಂಟೆಯಲ್ಲಿ ದಡ ಮೀರುತ್ತದೆ ಎಂಬುದನ್ನು ಹೇಳಲಾರದು.

ಇದಕ್ಕೆ ನೆಲದ ಸ್ಥಿತಿಯೂ ಸೇರಿಕೊಳ್ಳುತ್ತದೆ. ಬೇಸಿಗೆಯಲ್ಲಿ ಒಣಗಿ ಬಾಯಿಬಿಟ್ಟ ಮುರಕಲ್ಲಿನ ಗುಡ್ಡೆಗಳು ಜೂನ್ ಮೊದಲ ವಾರದ ಮಳೆಯನ್ನು ಹೀರಿಕೊಳ್ಳುತ್ತವೆ. ಅದೇ ಪ್ರಮಾಣದ ಮಳೆ ಜುಲೈ ಕೊನೆಯಲ್ಲಿ, ನೆಲ ನೀರುಂಡು ತುಂಬಿರುವಾಗ ಬಂದರೆ ಹೆಚ್ಚಿನ ಪಾಲು ನೇರವಾಗಿ ತೋಡಿಗೆ ಇಳಿಯುತ್ತದೆ. ಹಿಂದೆ ನೀರನ್ನು ಕೆಲವು ಗಂಟೆಗಳ ಕಾಲ ಹಿಡಿದಿಟ್ಟುಕೊಳ್ಳುತ್ತಿದ್ದ ಗದ್ದೆಗಳಿಗೆ ಮಣ್ಣು ತುಂಬಿಸಿದಲ್ಲೆಲ್ಲ ಆ ಬಿಡುವೂ ಕಡಿಮೆಯಾಗುತ್ತದೆ. ಮಳೆ, ನೆಲ, ಗದ್ದೆ, ತೋಡಿನ ಅಗಲ ಇವೆಲ್ಲವುಗಳ ಒಟ್ಟು ಪರಿಣಾಮವನ್ನು ಒಂದೇ ಅಂಕಿಯಲ್ಲಿ ಹೇಳುವುದು ನೀರಿನ ಮಟ್ಟ. ಅದಕ್ಕಿಂತಲೂ ಮುಖ್ಯವಾದದ್ದು ಏರಿಕೆಯ ವೇಗ. ನೀರು ಎರಡು ಮೀಟರಿನಲ್ಲಿದೆ ಎಂಬ ಮಾತಿಗಿಂತ, ಗಂಟೆಗೆ ಹತ್ತು ಸೆಂಟಿಮೀಟರ್ ಏರುತ್ತಿದ್ದದ್ದು ಈಗ ಐವತ್ತು ಸೆಂಟಿಮೀಟರ್ ಏರುತ್ತಿದೆ ಎಂಬ ಮಾತು ಕೆಳಗಿನವರಿಗೆ ಹೆಚ್ಚು ಉಪಯುಕ್ತ. ಹೀಗಾಗಿ ಮಳೆ ಜೋರಾದ ದಿನಗಳಲ್ಲಿ ಗಂಟೆಗೊಮ್ಮೆ ಓದುವುದು ಅನಿವಾರ್ಯ.

ಎರಡು ಕಡೆ ಮಾಪಕಗಳಿದ್ದರೆ ಸಮಯದ ಲೆಕ್ಕ ಸಿಗುತ್ತದೆ. ನೆರೆಯ ಅಲೆ ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ಇಳಿದು ಬಂದರೆ ಗಂಟೆಗೆ 7.2 ಕಿಲೋಮೀಟರ್ ಕ್ರಮಿಸುತ್ತದೆ. ಹದಿನೈದು ಕಿಲೋಮೀಟರ್ ಮೇಲಿನ ಸೇತುವೆಯಲ್ಲಿ ಕಂಡ ಏರಿಕೆ ಕೆಳಗೆ ತಲುಪಲು ಸುಮಾರು ಎರಡು ಗಂಟೆ ಬೇಕು. ಹರಿಯಾಣದ ಹತ್ನಿಕುಂಡ್ ಬ್ಯಾರೇಜಿನಿಂದ ಬಿಟ್ಟ ನೀರು ದೆಹಲಿ ಮುಟ್ಟಲು ಎರಡು ಮೂರು ದಿನಗಳು ಹಿಡಿಯುತ್ತವೆ ಎಂಬ ಲೆಕ್ಕ ಅಲ್ಲಿನ ಆಡಳಿತಕ್ಕೆ ಇದೆ. ನಮ್ಮ ಹೊಳೆಗಳು ಅಷ್ಟು ಅವಕಾಶ ಕೊಡುವುದಿಲ್ಲ. ಆದರೆ ರಾತ್ರಿ ಎರಡು ಗಂಟೆಯ ಬಿಡುವೆಂದರೆ ಹಟ್ಟಿಯ ದನಗಳನ್ನು ಬಿಚ್ಚಿ ಗುಡ್ಡೆಗೆ ಹೊಡೆಯಲು, ನಡೆಯಲಾರದ ಹಿರಿಯರನ್ನು ಸಂಬಂಧಿಕರ ಮನೆಗೆ ಸೇರಿಸಲು, ಪಂಪಿನ ಮೋಟರನ್ನು ಮೇಲೆತ್ತಲು ಸಾಕಾಗುವ ಹೊತ್ತು.

ಈ ಸಮಯವನ್ನು ಕಂಪ್ಯೂಟರ್ ಮಾದರಿಗಳಿಲ್ಲದೆಯೂ ಕಂಡುಕೊಳ್ಳಬಹುದು. ಮೇಲಿನ ಮಾಪಕದಲ್ಲಿ ನೀರು ಶಿಖರ ಮುಟ್ಟಿದ ಹೊತ್ತು ಮತ್ತು ಎತ್ತರ, ಕೆಳಗಿನ ಮಾಪಕದಲ್ಲಿ ಶಿಖರ ಮುಟ್ಟಿದ ಹೊತ್ತು ಮತ್ತು ಎತ್ತರ, ಇವನ್ನು ಪ್ರತಿ ದೊಡ್ಡ ಮಳೆಯಲ್ಲೂ ಬರೆದಿಟ್ಟುಕೊಂಡು ಒಂದು ಕೋಷ್ಟಕ ಮಾಡುತ್ತ ಹೋದರೆ ಕೆಲವು ಮಳೆಗಾಲಗಳಲ್ಲಿ ಎರಡರ ನಡುವಿನ ಸಂಬಂಧ ಗೋಚರವಾಗುತ್ತದೆ. 1958ರಲ್ಲಿ ಯಮುನೆಯ ಮೇಲೆ ನೆರೆ ಮುನ್ಸೂಚನೆಯನ್ನು ಆರಂಭಿಸಿದ ಕೇಂದ್ರ ಜಲ ಆಯೋಗ ಬಹುಕಾಲ ಅವಲಂಬಿಸಿದ್ದು ಮಾಪಕದಿಂದ ಮಾಪಕಕ್ಕೆ ಸಂಬಂಧ ಕಲ್ಪಿಸುವ ಈ ವಿಧಾನವನ್ನೇ. ಅದಕ್ಕೆ ಬೇಕಾದದ್ದು ತಪ್ಪದೆ ಬರೆದ ಪುಸ್ತಕ ಮತ್ತು ಎರಡೂ ಕಡೆ ಸರಿಹೊಂದಿಸಿದ ಗಡಿಯಾರ.

ಕೆಳದಂಡೆಯ ಊರುಗಳಿಗೆ ಇನ್ನೊಂದು ತೊಡಕಿದೆ. ಕುಂಬಳೆ, ಮೊಗ್ರಾಲ್ ಪುತ್ತೂರು, ಮಂಗಲ್ಪಾಡಿ ಮುಂತಾದ ಕರಾವಳಿ ಪಂಚಾಯತುಗಳಲ್ಲಿ ಹೊಳೆಯ ಮಟ್ಟವನ್ನು ಕಡಲಿನ ಉಬ್ಬರವೂ ನಿರ್ಧರಿಸುತ್ತದೆ. ಸುಮಾರು ಹನ್ನೆರಡೂವರೆ ಗಂಟೆಗೊಮ್ಮೆ ಬರುವ ಭರತದ ಹೊತ್ತಿನಲ್ಲಿ ಅಳಿವೆಯಲ್ಲಿ ನೀರು ಮುಂದೆ ಹೋಗದೆ ನಿಲ್ಲುತ್ತದೆ; ಅದೇ ಹೊತ್ತಿಗೆ ಗುಡ್ಡೆಯ ನೀರು ಬಂದು ಸೇರಿದರೆ ನೆರೆ ಹಿಂದಕ್ಕೆ ತಳ್ಳಿಕೊಂಡು ಬರುತ್ತದೆ. ಅಳಿವೆಗೆ ಅಡ್ಡಲಾಗಿ ಮರಳು ದಿಬ್ಬ ಬೆಳೆದಿದ್ದರೆ ಇದು ಇನ್ನೂ ಹೆಚ್ಚು. ಆದ್ದರಿಂದ ಮೇಲಿನಿಂದ ಬಂದ ಸಂದೇಶವನ್ನು ಆ ದಿನದ ಭರತ ಇಳಿತಗಳ ಪಟ್ಟಿಯೊಂದಿಗೆ ಇಟ್ಟು ಓದಬೇಕು. ಮೀನುಗಾರರಿಗೆ ಈ ಪಟ್ಟಿ ಬಾಯಿಪಾಠ. ಅವರಲ್ಲಿ ಒಬ್ಬರಾದರೂ ಈ ವ್ಯವಸ್ಥೆಯೊಳಗೆ ಇರುವುದು ಒಳ್ಳೆಯದು.

ಕಿಂಡಿ ಅಣೆಕಟ್ಟುಗಳ ವಿಷಯವೂ ಇಲ್ಲೇ ಬರುತ್ತದೆ. ಬೇಸಿಗೆಗೆ ನೀರು ನಿಲ್ಲಿಸಲು ಇಟ್ಟ ಹಲಗೆಗಳನ್ನು ಮಳೆಗಾಲಕ್ಕೆ ಮೊದಲು ತೆಗೆಯದಿದ್ದರೆ, ಅಥವಾ ತೇಲಿಬಂದ ಮರ, ಬಿದಿರು, ತೆಂಗಿನ ಮಡಲು ಕಿಂಡಿಗೆ ಸಿಕ್ಕಿಕೊಂಡರೆ, ಮೇಲ್ಭಾಗದ ತೋಟ ಮುಳುಗುತ್ತದೆ ಮತ್ತು ಅಲ್ಲಿನ ಮಾಪಕ ನಿಜವಾದ ಹರಿವಿಗಿಂತ ಹೆಚ್ಚಿನ ಮಟ್ಟವನ್ನು ತೋರಿಸುತ್ತದೆ. ಕಿಂಡಿ ಒಂದು ಪಂಚಾಯತಿನಲ್ಲಿದ್ದು ಮುಳುಗುವ ತೋಟ ಇನ್ನೊಂದರಲ್ಲಿದ್ದರೆ ಹಲಗೆ ತೆಗೆಯುವ ದಿನಾಂಕವನ್ನು ಇಬ್ಬರೂ ಕೂತು ನಿಶ್ಚಯಿಸದೆ ದಾರಿಯಿಲ್ಲ.

ಇನ್ನು ಪಂಚಾಯತುಗಳ ನಡುವಿನ ಒಪ್ಪಂದ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರಾದರೆ, ಸ್ಥಳೀಯಾಡಳಿತದ ಚುನಾಯಿತ ಪ್ರತಿನಿಧಿ ಸಹ ಅಧ್ಯಕ್ಷರು. ಸ್ಥಳೀಯ ಸಂಸ್ಥೆಗಳಿಗೂ ತಮ್ಮ ಸಿಬ್ಬಂದಿಗೆ ತರಬೇತಿ ಕೊಡುವ, ಸಾಧನಗಳನ್ನು ಸಜ್ಜಾಗಿಡುವ ಕರ್ತವ್ಯವನ್ನು 41ನೆಯ ಸೆಕ್ಷನ್ ವಹಿಸಿದೆ. 2018 ಮತ್ತು 2019ರ ಮಹಾ ನೆರೆಗಳ ಬಳಿಕ ಕೇರಳದ ಸ್ಥಳೀಯ ಸಂಸ್ಥೆಗಳು ‘ನಮ್ಮಳ್ ನಮುಕ್ಕಾಯಿ’ (ನಮಗಾಗಿ ನಾವು) ಎಂಬ ಅಭಿಯಾನದಡಿ ತಮ್ಮ ತಮ್ಮ ವಿಪತ್ತು ನಿರ್ವಹಣಾ ಯೋಜನೆಗಳನ್ನು ಸಿದ್ಧಪಡಿಸಿದವು. ಅದು ಸಣ್ಣ ಸಾಧನೆಯಲ್ಲ. ಆದರೆ ಯೋಜನೆಗಳು ಪಂಚಾಯತಿನ ನಕ್ಷೆಯನ್ನು ಅನುಸರಿಸಿದವು, ಹೊಳೆಯ ನಕ್ಷೆಯನ್ನಲ್ಲ. ಒಂದೇ ಹೊಳೆಯ ದಡದ ಪಂಚಾಯತುಗಳ ಯೋಜನೆಗಳನ್ನು ಅಕ್ಕಪಕ್ಕ ಇಟ್ಟು, ಒಂದರ ಮಾಹಿತಿ ಇನ್ನೊಂದಕ್ಕೆ ಎಲ್ಲಿ ಬೇಕು ಎಂದು ಗುರುತಿಸಿದರೆ ಅರ್ಧ ಕೆಲಸ ಆದಂತೆ.

ಹಣಕ್ಕೆ ದಾರಿ ಈಗಾಗಲೇ ಇದೆ. ಕೇರಳದಲ್ಲಿ 1996ರಲ್ಲಿ ಜನಕೀಯ ಯೋಜನೆ, ಅಂದರೆ ಸ್ಥಳೀಯ ಸಂಸ್ಥೆಗಳೇ ಜನರೊಂದಿಗೆ ಯೋಜನೆ ರೂಪಿಸುವ ಕ್ರಮ, ಆರಂಭವಾದ ಮೇಲೆ ಹಲವು ಪಂಚಾಯತುಗಳು ತಮ್ಮ ಪಾಲು ಹಾಕಿ, ಒಂದು ಸಂಸ್ಥೆ ಅನುಷ್ಠಾನದ ಹೊಣೆ ಹೊರುವ ಸಂಯುಕ್ತ ಯೋಜನೆಗಳು ರೂಢಿಗೆ ಬಂದಿವೆ. ಹೊಳೆಯ ಮಾಪಕಗಳಿಗೂ ಅದೇ ಕ್ರಮ ಸಾಕು. ಬ್ಲಾಕ್ ಪಂಚಾಯತು ಲೆಕ್ಕಪತ್ರ ನೋಡಿಕೊಳ್ಳಬಹುದು. ಪಾಲು ಹಂಚುವಾಗ ಒಂದು ನ್ಯಾಯದ ಪ್ರಶ್ನೆ ಏಳುತ್ತದೆ. ಮಾಪಕ ಇರುವುದು ಮೇಲಿನ ಪಂಚಾಯತಿನಲ್ಲಿ, ಪ್ರಯೋಜನ ಕೆಳಗಿನದಕ್ಕೆ. ಹೀಗಿರುವಾಗ ಮೇಲಿನವರು ತಮ್ಮ ಜನರ ತೆರಿಗೆಯನ್ನು ಏಕೆ ವ್ಯಯಿಸಬೇಕು? ಮೇಲಿನವರು ಮನುಷ್ಯರನ್ನೂ ಸ್ಥಳವನ್ನೂ ಕೊಡಲಿ, ಕೆಳಗಿನವರು ಹಣದ ದೊಡ್ಡ ಪಾಲು ಕೊಡಲಿ ಎಂಬುದು ನನಗೆ ಸರಿಯೆನಿಸುತ್ತದೆ. ಈ ಹಂಚಿಕೆಯನ್ನು ಮೊದಲೇ ಬರೆದಿಡದಿದ್ದರೆ ಮೊದಲ ದುರಸ್ತಿಯ ಬಿಲ್ಲು ಬಂದ ದಿನವೇ ವ್ಯವಸ್ಥೆ ನಿಂತುಹೋಗುತ್ತದೆ.

ಯಂತ್ರಗಳ ಬಗ್ಗೆ ಒಂದು ಮಾತು. ಸೇತುವೆಯ ಅಡಿಯಲ್ಲಿ ಕೂರಿಸಿ ನೀರಿನ ಮೇಲ್ಮೈಯ ದೂರವನ್ನು ಅಳೆಯುವ ರಾಡಾರ್ ಮಾಪಕ ನೀರಿಗೆ ತಾಗದ ಕಾರಣ ಹೂಳು, ಕಸಗಳಿಂದ ಕೆಡುವುದಿಲ್ಲ. ನೀರೊಳಗೆ ಇಡುವ ಒತ್ತಡದ ಮಾಪಕ ಹೂಳಿನಲ್ಲಿ ಮುಚ್ಚಿಹೋಗಬಹುದು. ಶಬ್ದದ ಅಲೆಯಿಂದ ಅಳೆಯುವುದು ಗಾಳಿಯ ಉಷ್ಣತೆಗೆ ತಕ್ಕಂತೆ ಸ್ವಲ್ಪ ತಪ್ಪುತ್ತದೆ. ಯಾವುದನ್ನು ಕೊಂಡರೂ ಜಡಿಮಳೆಯ ಇರುಳಿನಲ್ಲಿ ಮೊಬೈಲ್ ಟವರಿನ ಕರೆಂಟು ಹೋದರೆ ಸಂದೇಶ ಬರುವುದಿಲ್ಲ. ಅತ್ಯಂತ ಬೇಕಾದ ಹೊತ್ತಿನಲ್ಲಿ ಕೈಕೊಡಬಹುದಾದ ಯಂತ್ರದ ಪಕ್ಕದಲ್ಲಿ ಬಣ್ಣದ ಪಟ್ಟಿಯೂ, ಟಾರ್ಚು ಹಿಡಿದು ಅದನ್ನು ಓದಬಲ್ಲ ಸಮೀಪದ ಮನೆಯವರೂ ಇರಲೇಬೇಕು. ಓದುವವರಿಗೆ ಗೌರವಧನ, ರೈನ್‌ಕೋಟು, ವಿಮೆ ಇವನ್ನು ಯೋಜನೆಯ ಮೊದಲ ಪುಟದಲ್ಲೇ ಸೇರಿಸಬೇಕು. ನೀರಿನ ಹತ್ತಿರ ಹೋಗದೆ ದೂರದಿಂದಲೇ ಓದಲು ಆಗುವಂತೆ ಅಂಕಿಗಳನ್ನು ದೊಡ್ಡದಾಗಿ ಬರೆಸುವುದು ಅವರ ಜೀವದ ಪ್ರಶ್ನೆ.

ಜನರೇ ಅಳೆಯುವ ಈ ಕ್ರಮ ಕೇರಳದಲ್ಲಿ ಪರೀಕ್ಷೆಗೊಳಗಾಗಿದೆ. ಕೋಟಯಂ ಜಿಲ್ಲೆಯ ಮೀನಚ್ಚಿಲ್ ಹೊಳೆಯ ಉದ್ದಕ್ಕೂ ಮೀನಚ್ಚಿಲ್ ನದಿ ಸಂರಕ್ಷಣಾ ಸಮಿತಿಯವರು ಶಾಲಾ ಮಕ್ಕಳನ್ನೂ ಊರವರನ್ನೂ ಸೇರಿಸಿಕೊಂಡು ಮಳೆ ಮತ್ತು ಹೊಳೆಯ ಮಟ್ಟವನ್ನು ಅಳೆದು, ಮೇಲಿನ ಗುಡ್ಡಗಾಡಿನ ಮಾಹಿತಿಯನ್ನು ಕೆಳಗಿನ ಪೇಟೆಗಳಿಗೆ ವಾಟ್ಸ್ಆ್ಯಪ್ ಮೂಲಕ ಕಳುಹಿಸುತ್ತ ಬಂದಿದ್ದಾರೆ. ವಯನಾಡಿನಲ್ಲಿ ಹ್ಯೂಮ್ ಸೆಂಟರ್ ಎಂಬ ಸಂಸ್ಥೆ ರೈತರ ಜಮೀನುಗಳಲ್ಲಿ ಮಳೆಮಾಪಕಗಳ ಜಾಲವನ್ನೇ ಕಟ್ಟಿದೆ. 2024ರ ಜುಲೈ 30ರ ಮುಂಡಕ್ಕೈ ಮತ್ತು ಚೂರಲ್ಮಲ ಭೂಕುಸಿತ ದುರಂತಕ್ಕೆ ಮೊದಲು ಆ ಜಾಲದ ಅಂಕಿಗಳ ಆಧಾರದಲ್ಲಿ ಅವರು ಎಚ್ಚರಿಕೆ ನೀಡಿದ್ದರು. ಆ ಎಚ್ಚರಿಕೆಯ ಬಳಿಕವೂ ನೂರಾರು ಜೀವಗಳು ಹೋದವು. ಅಂಕಿ ಸರಿಯಿದ್ದರೆ ಸಾಲದು, ಅದು ಬಂದಾಗ ತೀರ್ಮಾನ ಕೈಗೊಳ್ಳುವ ಅಧಿಕಾರ ಯಾರದು ಎಂಬುದು ಮೊದಲೇ ನಿಶ್ಚಯವಾಗಿರಬೇಕು.

ಹೀಗಾಗಿ ಸಂದೇಶದ ಹಾದಿಯನ್ನು ಬರೆದಿಡಬೇಕು. ಮಾಪಕ ಓದಿದವರು ತಮ್ಮ ವಾರ್ಡ್ ಸದಸ್ಯರಿಗೂ ಕೆಳಗಿನ ಪಂಚಾಯತಿನ ಗೊತ್ತಾದ ಇಬ್ಬರಿಗೂ ಏಕಕಾಲದಲ್ಲಿ ತಿಳಿಸಬೇಕು. ಕೆಳಗಿನವರು ಮರಳಿ ಕರೆಮಾಡಿ ಸಿಕ್ಕಿತೆಂದು ಖಚಿತಪಡಿಸಬೇಕು. ಗ್ರಾಮಾಧಿಕಾರಿ, ತಹಶೀಲ್ದಾರರು ಮತ್ತು 1077 ಸಂಖ್ಯೆಯ ಜಿಲ್ಲಾ ತುರ್ತು ಕೇಂದ್ರಕ್ಕೆ ಅದೇ ಅಂಕಿ ಹೋಗಬೇಕು. ಅಧಿಕೃತ ಎಚ್ಚರಿಕೆಯ ಬಣ್ಣವನ್ನು ಘೋಷಿಸುವ ಅಧಿಕಾರ ಸರಕಾರದ ಪ್ರಾಧಿಕಾರಕ್ಕೇ ಸೇರಿದ್ದು. ಪಂಚಾಯತು ತನ್ನದೇ ಬಣ್ಣ ಹಚ್ಚದೆ, ಮಟ್ಟ ಮತ್ತು ಏರಿಕೆಯ ವೇಗವನ್ನಷ್ಟೇ ಹೇಳಿದರೆ ಗೊಂದಲ ಇರುವುದಿಲ್ಲ. ಸಂದೇಶ ಮಲಯಾಳದಲ್ಲಿ ಮಾತ್ರ ಬಂದರೆ ಎಣ್ಮಕಜೆ, ಪೈವಳಿಕೆ, ಬೆಳ್ಳೂರಿನಂಥ ಕಡೆಗಳಲ್ಲಿ ಹಿರಿಯರಿಗೆ ಅದು ಮುಟ್ಟುವುದಿಲ್ಲ. ಕಾಸರಗೋಡಿನ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರಾಗಿ ಪಡೆದಿರುವ ಹಕ್ಕುಗಳಲ್ಲಿ, ಪ್ರಾಣಕ್ಕೆ ಸಂಬಂಧಿಸಿದ ಸೂಚನೆಯನ್ನು ತಮ್ಮ ಭಾಷೆಯಲ್ಲಿ ಕೇಳುವ ಹಕ್ಕಿಗಿಂತ ದೊಡ್ಡದನ್ನು ನಾನು ಕಾಣೆ. ಮೂರು ವಾಕ್ಯಗಳ ಮಾದರಿ ಸಂದೇಶವನ್ನು ಕನ್ನಡ ಮತ್ತು ಮಲಯಾಳದಲ್ಲಿ ಮೊದಲೇ ಸಿದ್ಧಪಡಿಸಿ, ಅಂಕಿಯನ್ನು ಮಾತ್ರ ತುಂಬುವಂತೆ ಇಟ್ಟುಕೊಳ್ಳಬಹುದು. ಮನೆಮನೆಗೆ ಹೇಳುವ ಕುಟುಂಬಶ್ರೀ ಮಹಿಳಾ ಸಂಘಗಳ ಸದಸ್ಯೆಯರು ತುಳುವಿನಲ್ಲೋ ಬ್ಯಾರಿಯಲ್ಲೋ ತಿಳಿಸುವರು.

ಅತಿ ಕಠಿಣವಾದದ್ದು ರಾಜ್ಯದ ಗಡಿ. ಮೊಗ್ರಾಲ್ ಹೊಳೆಯ ಜಲಾನಯನ ಪೂರ್ತಿಯಾಗಿ ಕೇರಳದೊಳಗಿದೆ. ಅಲ್ಲಿ ಪಂಚಾಯತುಗಳು ಮನಸ್ಸು ಮಾಡಿದರೆ ಒಂದೇ ಬೇಸಿಗೆಯಲ್ಲಿ ಆರಂಭಿಸಬಹುದು. ಶಿರಿಯದ 587 ಚದರ ಕಿಲೋಮೀಟರಿನಲ್ಲಿ 297 ಕರ್ನಾಟಕದಲ್ಲಿದೆ. ಚಂದ್ರಗಿರಿಯ 1,406ರಲ್ಲಿ 836 ಅಲ್ಲಿಯದು. ಉಪ್ಪಳ ಹೊಳೆಯ 250 ಚದರ ಕಿಲೋಮೀಟರಿನಲ್ಲಂತೂ ಕೇರಳದ ಪಾಲು 76 ಮಾತ್ರ. ಮಂಗಲ್ಪಾಡಿಯಲ್ಲಿ ನಿಂತು ಹೊಳೆ ನೋಡುವವನಿಗೆ ಬರುವ ನೀರಿನ ಹೆಚ್ಚಿನ ಪಾಲು ಬಂಟ್ವಾಳದ ಕಡೆಯ ಗುಡ್ಡೆಗಳಲ್ಲಿ ಬಿದ್ದ ಮಳೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತ್ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟು 15 ನಿಮಿಷಕ್ಕೊಮ್ಮೆ ಅಂಕಿ ಪಡೆಯುತ್ತಿದೆ. ಅಂದರೆ ಗಡಿಯಾಚೆ ಮಾಹಿತಿಯ ಕೊರತೆಯಿಲ್ಲ, ಅದು ಈಚೆಯ ಪಂಚಾಯತಿನ ಮೇಜಿಗೆ ತಲುಪುವ ನಿಯತ ಹಾದಿ ಬೇಕಿದೆ. ಎರಡು ರಾಜ್ಯಗಳ ನಡುವಿನ ಔಪಚಾರಿಕ ಒಪ್ಪಂದ ಬೆಂಗಳೂರು, ತಿರುವನಂತಪುರಗಳಲ್ಲಿ ಆಗಬೇಕಾದದ್ದು, ಅದಕ್ಕೆ ಕಾಲ ಹಿಡಿಯುತ್ತದೆ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಜಿಲ್ಲಾಧಿಕಾರಿಗಳ ಕಚೇರಿಗಳು ಮಳೆಗಾಲದ ತುರ್ತು ಕೇಂದ್ರಗಳ ನಡುವೆ ದಿನನಿತ್ಯದ ಸಂಪರ್ಕ ಏರ್ಪಡಿಸಿಕೊಳ್ಳಲು ಅಷ್ಟು ಕಾಲ ಬೇಕಿಲ್ಲ. ಸುಳ್ಯದ ಜಾಲ್ಸೂರಿಗೂ ದೇಲಂಪಾಡಿಗೂ ನಡುವೆ ಭಾಷೆಯ ಅಡ್ಡಿಯೂ ಇಲ್ಲ, ನೆಂಟಸ್ತಿಕೆಯ ಕೊರತೆಯೂ ಇಲ್ಲ.

ಆರಂಭದ ವರ್ಷಗಳಲ್ಲಿ ಕೆಲವು ಎಚ್ಚರಿಕೆಗಳು ಸುಳ್ಳಾಗುತ್ತವೆ. ಮನೆ ಬಿಟ್ಟು ಹೋದವರು ಮರುದಿನ ಒಣ ಅಂಗಳಕ್ಕೆ ಮರಳಿದರೆ ಮುಂದಿನ ಬಾರಿ ಕದಲಲು ಹಿಂಜರಿಯುವುದು ಸಹಜ. ಆದ್ದರಿಂದ ಪ್ರತಿ ಮಳೆಗಾಲದ ಕೊನೆಗೆ ಯಾವ ಸಂದೇಶ ಎಷ್ಟು ಗಂಟೆಗೆ ಹೊರಟಿತು, ಯಾವಾಗ ತಲುಪಿತು, ನೀರು ಎಲ್ಲಿಯವರೆಗೆ ಬಂತು ಎಂಬುದನ್ನು ಗ್ರಾಮಸಭೆಯ ಮುಂದೆ ಓದಿ, ಎಚ್ಚರಿಕೆಯ ಗೆರೆಗಳನ್ನು ತಿದ್ದಿಕೊಳ್ಳಬೇಕು. ಮಾಪಕ ಓದುವವರ ಗೌರವಧನವನ್ನು ಸೆಪ್ಟೆಂಬರಿಗೇ ನಿಲ್ಲಿಸದೆ ವರ್ಷಪೂರ್ತಿ ಮುಂದುವರಿಸುವುದು ನನ್ನ ದೃಷ್ಟಿಯಲ್ಲಿ ಅಗತ್ಯ. ಡಿಸೆಂಬರ್, ಜನವರಿಯಲ್ಲಿ ಅಡಿಕೆ ಕೃಷಿಕರು ತೋಡಿಗೆ ಕಟ್ಟ ಹಾಕುವ ಹೊತ್ತಿಗೆ, ಯಾವ ಕಟ್ಟವನ್ನು ಯಾವ ವಾರ ಹಾಕಿದರೆ ಕೆಳಗಿನ ಕಟ್ಟಕ್ಕೂ ನೀರು ಉಳಿಯುತ್ತದೆ ಎಂಬುದನ್ನು ಅದೇ ಪಟ್ಟಿಯ ಅಂಕಿಗಳು ಹೇಳುತ್ತವೆ. ಬೇಸಿಗೆಯಲ್ಲಿ ದಿನಕ್ಕೊಮ್ಮೆ ಓದುವ ರೂಢಿಯಿದ್ದವರೇ ಮೇ ಕೊನೆಯಲ್ಲಿ ಪಟ್ಟಿಯ ಪಾಚಿ ತೊಳೆದು, ಮಾಸಿದ ಅಂಕಿಗೆ ಬಣ್ಣ ಹಚ್ಚಿಸಿ, ಕೆಳಗಿನ ಪಂಚಾಯತಿನ ಬದಲಾದ ಫೋನ್ ಸಂಖ್ಯೆಗಳನ್ನು ಪುಸ್ತಕದಲ್ಲಿ ತಿದ್ದಿಕೊಳ್ಳುತ್ತಾರೆ.